ಬಲ ಮೊಣಕೈ ಸವೆದ ಅಂಗಿ

ಫೆಬ್ರವರಿ ೪

ಅತ್ತೆಗೆ,

ಈ ಗಂಟಿನಲ್ಲಿ ನಿಮ್ಮ ಮಗನ ಅಂಗಿಗಳಿವೆ. ಒಗೆದಿದ್ದೇನೆ, ಇಸ್ತ್ರಿ ಮಾಡಿಲ್ಲ, ಇಸ್ತ್ರಿಪೆಟ್ಟಿಗೆ ಕೈಕೊಟ್ಟಿದೆ. ಫೋನಿನಲ್ಲಿ ಹೇಳೋಣವೆಂದರೆ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ. ನಾನು ಕಿರುಚಿದರೆ ಪಕ್ಕದ ಮನೆಯವರಿಗೆಲ್ಲ ನಮ್ಮ ಸಂಸಾರದ ಸುದ್ದಿ ತಿಳಿಯುತ್ತದೆ. ಅದಕ್ಕೇ ಬಟ್ಟೆಯ ಜೊತೆ ಕಾಗದ.

ಅವರು ತೀರಿಹೋಗಿ ಎರಡು ವರ್ಷವಾಗುತ್ತ ಬಂತು. ಅಂಗಿಗಳು ಅಲಮಾರಿಯ ಅರ್ಧದಲ್ಲಿ ಹಾಗೇ ತೂಗುತ್ತಿದ್ದವು. ಯಾರಿಗಾದರೂ ಕೊಡೋಣವೆಂದರೆ ವೆಲ್ಡಿಂಗ್ ಕಿಡಿ ಬಿದ್ದು ಮೈತುಂಬ ತೂತು, ಯಾರು ಹಾಕಿಕೊಳ್ಳುತ್ತಾರೆ? ಬಿಸಾಡಲು ಕೈ ಬರಲಿಲ್ಲ. ನೀವು ಊರವರ ಹಳೇ ಬಟ್ಟೆಗೆಲ್ಲ ಕಸೂತಿ ಹಾಕಿ ಮತ್ತೆ ತೊಡುವ ಹಾಗೆ ಮಾಡಿಕೊಡುತ್ತೀರಿ. ಇವುಗಳಲ್ಲಿ ನಿಮ್ಮ ಮೊಮ್ಮಗಳಿಗೆ ಏನಾದರೂ ಹೊಲಿದುಕೊಡಿ. ಅವಳನ್ನು ಕರೆಯುವುದು ಮಾತ್ರ ಗುಂಡಿ ಅಂತ. ಹುಟ್ಟಿದಾಗ ಗುಂಡಗಿದ್ದವಳು ಈಗ ಕೋಲಿನ ಹಾಗೆ ಉದ್ದ ಬೆಳೆಯುತ್ತಿದ್ದಾಳೆ. ಫ್ರಾಕುಗಳೆಲ್ಲ ಮೊಣಕಾಲು ಬಿಟ್ಟು ಮೇಲೆ ಹೋಗಿವೆ.

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಜನ ಕಡಿಮೆ. ರೋಗಿಗಳ ಹೊದಿಕೆ ಮಡಿಸಿ ಮಡಿಸಿ ಮನೆಗೆ ಬಂದರೆ ನನ್ನ ಹಾಸಿಗೆ ಹಾಸಲು ಮನಸ್ಸಾಗುವುದಿಲ್ಲ. ಮುದುರಿದ್ದರ ಮೇಲೇ ಬಿದ್ದುಕೊಳ್ಳುತ್ತೇನೆ.

ಅವಸರವೇನಿಲ್ಲ. ಅಲಮಾರಿಯಲ್ಲಿ ಸ್ವಲ್ಪ ಜಾಗ ಬೇಕಿತ್ತು, ಅಷ್ಟೆ.

ನಿಮ್ಮ ಸೊಸೆ


ಫೆಬ್ರವರಿ ೨೪

ಗುಂಡಿಯ ಅಮ್ಮನಿಗೆ,

ಗಂಟು ತಲುಪಿತು. ಬಿಚ್ಚಿದ ಕೂಡಲೇ ಕಬ್ಬಿಣದ ವಾಸನೆ ಬರಬಹುದೆಂದು ಮೂಗಿನ ಹತ್ತಿರ ಒಯ್ದೆ. ನೀನು ಆಸ್ಪತ್ರೆಯ ಸೋಪಿನಲ್ಲಿ ಒಗೆದಿದ್ದೀಯ. ಬರೀ ಔಷಧದ ವಾಸನೆ. ಇರಲಿ.

ಬೂದು ಅಂಗಿಯನ್ನು ಮೊದಲು ಕಿಟಕಿಗೆ ಹಿಡಿದೆ. ತೂತುಗಳಿಂದ ಬೆಳಕು ಬಂತು. ಎಡಗಡೆ ಹೆಚ್ಚು, ಬಲಗಡೆ ಒಂದೋ ಎರಡೋ. ಅವನು ಎಡಭುಜ ಮುಂದೆ ಮಾಡಿಕೊಂಡು ಕೆಲಸ ಮಾಡುತ್ತಿದ್ದ ಅಂತ ಈಗ ತಿಳಿಯಿತು. ಹೆತ್ತವಳು ನಾನು, ಮಗ ದುಡಿಯುವುದನ್ನು ಒಂದು ದಿನವೂ ನಿಂತು ನೋಡಿದವಳಲ್ಲ.

ಸಣ್ಣ ತೂತಿನ ಅಂಚನ್ನು ನೂಲಿನಿಂದ ಸುತ್ತಿ ಬಿಗಿದರೆ ಹೂವಿನ ಹಾಗಾಗುತ್ತದೆ. ದೊಡ್ಡದಕ್ಕೆ ಒಳಗಿನಿಂದ ತೇಪೆ ಕೊಟ್ಟು ಮೇಲೆ ಎಲೆ ತುಂಬಿದ್ದೇನೆ. ತೂತಿದ್ದ ಕಡೆ ಮಾತ್ರ ಹೂವು, ನಾನಾಗಿ ಒಂದನ್ನೂ ಸೇರಿಸಿಲ್ಲ. ಕೆಳಗಿನ ಇಸ್ತ್ರಿ ಅಂಗಡಿಯವನು ಫ್ರಾಕಿಗೆ ಇಸ್ತ್ರಿ ಹಾಕುತ್ತಾ, "ಇದೇನಮ್ಮ, ಹೂವೆಲ್ಲ ಒಂದೇ ಕಡೆ ಗುಂಪು ಕಟ್ಕೊಂಡಿವೆ, ಈ ಕಡೆ ಬೋಳು ಬೋಳು" ಎಂದ. "ಕಿಡಿ ಏನು ನಿನ್ನ ಕೇಳ್ಕೊಂಡು ಬೀಳುತ್ತೇನಪ್ಪ" ಎಂದೆ. ಆಮೇಲೆ ಚೆನ್ನಾಗಿ ಇಸ್ತ್ರಿ ಮಾಡಿಕೊಟ್ಟ.

ಈಗೀಗ ನನಗೆ ಮೈಮುರಿಯುವಷ್ಟು ಕೆಲಸ. ಬ್ಯಾಂಕಿನ ಹೆಂಗಸೊಬ್ಬಳು ಹುಳ ತಿಂದ ಸ್ವೆಟರ್ ತಂದಿದ್ದಳು. "ಬಟ್ಟೆ ಬಿಸಾಡಿದರೆ ಭೂಮಿಗೆ ಭಾರ ಅಮ್ಮ" ಎಂದಳು. ಒಳ್ಳೆಯ ಮಾತೇ. ನಮ್ಮ ಕಾಲದಲ್ಲಿ ಬಿಸಾಡಿದರೆ ಮಾರನೇ ದಿನ ಹಾಕಿಕೊಳ್ಳಲು ಇರುತ್ತಿರಲಿಲ್ಲ, ಅಷ್ಟೇ ನಮಗೆ ಗೊತ್ತಿದ್ದದ್ದು.

ಅಲಮಾರಿಯಲ್ಲಿ ಜಾಗ ಯಾಕೆ? ನಿನಗೆ ಹೊಸದೇನಾದರೂ ಕೊಂಡೆಯಾ? ಕೊಂಡಿದ್ದರೆ ಸಂತೋಷ. ಇಲ್ಲದಿದ್ದರೆ ಕೊಂಡುಕೋ. ಹಾಸಿಗೆ ಹಾಸಿಕೊಂಡೇ ಮಲಗು.

ಅತ್ತೆ


ಮಾರ್ಚ್ ೧೭

ಅತ್ತೆಗೆ,

ಫ್ರಾಕು ಹಾಕಿಕೊಂಡ ಗುಂಡಿ ಅದನ್ನು ತೆಗೆಯಲೇ ಒಪ್ಪುವುದಿಲ್ಲ. ಶಾಲೆಯಲ್ಲಿ ಯಾರೋ ಹುಡುಗಿ, "ನಿನ್ನ ಫ್ರಾಕಿನ ಹೂವು ಸೊಟ್ಟಗಿವೆ" ಎಂದಳಂತೆ. ಇವಳು "ಅವು ನಮ್ಮಪ್ಪಂದು" ಎಂದಳಂತೆ. ಹೇಳಿದ್ದು ಅವಳ ಟೀಚರ್. ನನ್ನೆದುರು ಮಗು ಅಪ್ಪನ ಮಾತೇ ಎತ್ತುವುದಿಲ್ಲ.

ಮಿಕ್ಕ ಅಂಗಿಗಳನ್ನು ಕಳಿಸುತ್ತಿದ್ದೇನೆ. ಜೊತೆಗೆ ಒಂದು ನೀಲಿ ಅಂಗಿಯೂ ಇದೆ. ಅದನ್ನು ಕತ್ತರಿಸಬೇಡಿ, ಸರಿಮಾಡಿ ಕೊಡಿ. ನೋಡಿ ನಿಮಗೆ ಏನನ್ನಿಸಿತು ಅಂತ ಬರೆಯಿರಿ.

ಇನ್ನೂ ಬರೆಯಬೇಕೆಂದು ಕೂತಿದ್ದೆ. ಎರಡು ಸಲ ಬರೆದು ಹರಿದೆ. ಕಣ್ಣು ಎಳೆಯುತ್ತಿದೆ.

ಸೊಸೆ


ಏಪ್ರಿಲ್ ೬

ಗುಂಡಿಯ ಅಮ್ಮನಿಗೆ,

ನೀಲಿ ಅಂಗಿ ನನ್ನ ಮಗನದ್ದಲ್ಲ. ಒಂದಾದರೂ ಕಿಡಿಯ ತೂತಿಲ್ಲ. ಕಾಲರ್ ಅಗಲ. ಬಲ ಮೊಣಕೈ ಸವೆದು ಜಾಳಾಗಿದೆ, ಎಡಗಡೆಯದು ನಿನ್ನೆ ಹೊಲಿಸಿದ ಹಾಗಿದೆ. ಮೇಜಿಗೆ ಕೈಯೂರಿ ತೂಕಡಿಸುವ ಯಾವನೋ ಗುಮಾಸ್ತನದ್ದಿರಬೇಕು. ನಿಮ್ಮ ಬಟ್ಟೆ ಕೋಣೆಯಲ್ಲಿ ಹೇಗೋ ಬೆರೆತುಕೊಂಡು ನಿನ್ನ ಮನೆಗೆ ಬಂದಿದೆ, ನೀನು ಗಂಡನದ್ದೆಂದು ಕಳಿಸಿಬಿಟ್ಟಿದ್ದೀಯ. ನಿನಗೆ ನಿದ್ದೆ ಸಾಲುತ್ತಿಲ್ಲ. ಹೀಗೆ ಮೈಮೇಲೆ ಎಚ್ಚರವಿಲ್ಲದಿದ್ದರೆ ಕೆಲಸಕ್ಕೇ ಸಂಚಕಾರ ಬರುತ್ತದೆ.

ಬಂದದ್ದು ಬಂತು ಎಂದು ಮೊಣಕೈಗೆ ರಫೂ ಮಾಡಿದ್ದೇನೆ. ನೀಲಿ ನೂಲು ಹೊಂದಲಿಲ್ಲ. ಹೊಂದದ ನೀಲಿಗಿಂತ ಬೇರೆ ಬಣ್ಣವೇ ವಾಸಿ ಎಂದು ಹಳದಿಯಲ್ಲಿ ಮಾಡಿ, ಸುತ್ತ ಸರಪಳಿ ಹೊಲಿಗೆ ಹಾಕಿದ್ದೇನೆ. ಅವನಿಗೆ ಹಿಡಿಸದಿದ್ದರೆ ಬಿಚ್ಚಿಕೊಳ್ಳಲಿ. ಯಾರದ್ದೆಂದು ವಿಚಾರಿಸಿ ಮರ್ಯಾದೆಯಾಗಿ ತಲುಪಿಸು.

ಉಳಿದವನ್ನು ಇನ್ನೂ ಮುಟ್ಟಿಲ್ಲ. ಸ್ವಲ್ಪ ಆಯಾಸ. ಅಕ್ಷರ ಸೊಟ್ಟಗಿದ್ದರೆ ಏನೂ ಅಂದುಕೊಳ್ಳಬೇಡ, ಈ ಮೇಜಿನ ಒಂದು ಕಾಲು ಗಿಡ್ಡ.

ಅತ್ತೆ


ಏಪ್ರಿಲ್ ೧೯

ಅತ್ತೆಗೆ,

ಆ ಅಂಗಿ ತಪ್ಪಿ ಬಂದದ್ದಲ್ಲ. ನಾನೇ ಇಟ್ಟೆ. ನೀವು ನೋಡಿ, ಅರ್ಥ ಮಾಡಿಕೊಂಡು, "ಯಾರು ಅವನು" ಅಂತ ಕೇಳುತ್ತೀರಿ, ಆಗ ಹೇಳೋಣ ಎಂದುಕೊಂಡಿದ್ದೆ. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ಅಂಗಿಯ ಕೈಯಲ್ಲಿ ಹೇಳಿಸಲು ಹೋದೆ. ನೀವು ನನಗೆ ನಿದ್ದೆ ಸಾಲುತ್ತಿಲ್ಲ ಎಂದು ಬರೆದಿರಿ. ಓದಿ ನಗು ಬಂತು, ಆಮೇಲೆ ಬೇರೇನೋ ಬಂತು.

ಅವರು ಗುಮಾಸ್ತರಲ್ಲ. ನಮ್ಮ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್. ಗಾಡಿಯ ಕಿಟಕಿಗೆ ಮೊಣಕೈ ಊರಿ ಊರಿ ಸವೆದದ್ದು ಅದು. ವಯಸ್ಸು ನನಗಿಂತ ಸ್ವಲ್ಪ ಹೆಚ್ಚು. ಮದುವೆಯಾಗಿಲ್ಲ, ತಂಗಿಯರನ್ನು ದಡ ಸೇರಿಸುವುದರಲ್ಲಿ ವಯಸ್ಸು ಕಳೆದರು. ಮಾತು ಕಡಿಮೆ. ಗುಂಡಿಗೆ ಜ್ವರದಲ್ಲಿ ಮೈ ಸುಡುತ್ತಿದ್ದಾಗ ಕೆಲಸ ಬಿಟ್ಟು ಬರಲಾಗದ ನನ್ನ ಬದಲಿಗೆ ಅವಳ ಹತ್ತಿರ ಕೂತಿದ್ದವರು ಅವರು. ಅಂದಿನಿಂದ ಮೊದಲಾಯಿತು.

ಅಂಗಿ ಕೊಟ್ಟಾಗ ಮೊಣಕೈಯನ್ನು ತುಂಬ ಹೊತ್ತು ನೋಡಿದರು. "ಯಾರದ್ದು ಅಂತ ತಿಳಿದೇ ಮಾಡಿದ್ರಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ತಿಳಿಸೋತನಕ ನಾನಿದನ್ನ ಹಾಕ್ಕೊಳ್ಳಲ್ಲ" ಎಂದು ಮಡಿಸಿ ವಾಪಸ್ಸು ಕೊಟ್ಟರು. ಅದೀಗ ಅಲಮಾರಿಯಲ್ಲಿದೆ.

ಮೇ ಕೊನೆಗೆ ನೋಂದಣಿ ಕಚೇರಿಯಲ್ಲಿ ಸಹಿ ಹಾಕಬೇಕೆಂದಿದ್ದೇವೆ. ನಿಮ್ಮ ಮಗನನ್ನು ಮರೆತು ಅಲ್ಲ. ಅದನ್ನು ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ. ಒಬ್ಬಳೇ ನಡೆಸಿ ನಡೆಸಿ ದಣಿದಿದ್ದೇನೆ ಅತ್ತೆ. ಬೇಡ ಎನ್ನಿ, ಬೈಯಿರಿ, ಏನಾದರೂ ಸರಿ, ಬರೆಯಿರಿ.

ಸೊಸೆ


ಮೇ ೨೬

ಅತ್ತೆಗೆ,

ಇವತ್ತು ನಿಮ್ಮ ಗಂಟು ಬಂತು. ಎಲ್ಲವನ್ನೂ ಬಿಡಿಸಿ ಕೊಡವಿದೆ. ಒಂದು ಸಾಲೂ ಇರಲಿಲ್ಲ.

ಗುಂಡಿಯ ಹೊಸ ಫ್ರಾಕು ನೋಡಿದೆ. ನೂಲು ಎಳೆದು ಬಟ್ಟೆ ಸುಕ್ಕುಗಟ್ಟಿದೆ. ಎಲೆಗಳು ಅಂಚು ಮೀರಿವೆ. ತಿರುಗಿಸಿದರೆ ಗಂಟಿನ ಮೇಲೆ ಗಂಟು. ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕಟವಾಗಿರಬೇಕು ಎಂದು ಮದುವೆಯಾದ ಹೊಸದರಲ್ಲಿ ನನ್ನಿಂದ ಒಂದೇ ಹೂವನ್ನು ಮತ್ತೆ ಮತ್ತೆ ಬಿಚ್ಚಿಸಿದವರು ನೀವು. ಇದು ನಿಮ್ಮ ಕೈಕೆಲಸ ಅಂತ ಯಾರೂ ನಂಬುವುದಿಲ್ಲ. ನನಗೆ ಅರ್ಥವಾಯಿತು. ಹಲ್ಲುಕಚ್ಚಿ ಹೊಲಿದಿದ್ದೀರಿ. ನನ್ನ ಮೇಲಿನ ಕೋಪವನ್ನು ಮಗುವಿನ ಬಟ್ಟೆಯಲ್ಲಿ ತೀರಿಸಿಕೊಂಡಿದ್ದೀರಿ.

ಗುಂಡಿ ಅದನ್ನೂ ಹಾಕಿಕೊಂಡಳು. ಒಳಗಿನ ಗಂಟು ಚುಚ್ಚುತ್ತದೆ ಎಂದಳು, ತೆಗೆಯಲಿಲ್ಲ.

ಸಹಿ ಹಾಕುವುದನ್ನು ಮುಂದೂಡಿದ್ದೇವೆ. ನಾನು ಕೇಳಲಿಲ್ಲ, ಅವರೇ ಹೇಳಿದರು, "ಅಮ್ಮನ ಕಾಗದ ಬರ್ಲಿ." ಇನ್ನು ಬರಲಾರದು ಎಂದೆ. "ಬರದಿದ್ರೆ ಬರೋವರೆಗೂ" ಎಂದು ಗಾಡಿ ತೊಳೆಯಲು ಹೋದರು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯುತ್ತಿಲ್ಲ.

ಇನ್ನು ಬಟ್ಟೆ ಕಳಿಸಿ ನಿಮಗೆ ತೊಂದರೆ ಕೊಡುವುದಿಲ್ಲ.

ಸೊಸೆ


ಜೂನ್ ೫

ಅಕ್ಕಾ,

ಇದು ನಾನು, ಕೆಳಗಿನ ಇಸ್ತ್ರಿ ಅಂಗಡಿಯವನು. ಅಮ್ಮ ಹೇಳುತ್ತಾರೆ, ನಾನು ಬರೆಯುತ್ತೇನೆ. ಹೇಳಿದ್ದನ್ನಷ್ಟೇ ಬರೆಯಬೇಕು, ನನ್ನ ಬಾಯಿ ಹಾಕಬಾರದು ಎಂದು ಕಟ್ಟಪ್ಪಣೆಯಾಗಿದೆ. ಹಾಕುತ್ತೇನೆ, ಕ್ಷಮಿಸಿ.

ಅಮ್ಮನ ಬಲಗೈ ಬಿದ್ದುಹೋಗಿದೆ. ಏಪ್ರಿಲ್ ಮೊದಲಲ್ಲೇ ಬೆರಳು ಜೋಮು ಹಿಡಿಯುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಆಮೇಲೊಂದು ಬೆಳಿಗ್ಗೆ ಮೇಲೆ ಲೋಟ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಗೋಡೆ ಹಿಡಿದು ನಿಂತಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ತಲೆಯಲ್ಲಿ ಸಣ್ಣದಾಗಿ ರಕ್ತ ಹೆಪ್ಪುಗಟ್ಟಿದೆ ಎಂದರು. ಮಾತು, ಕಾಲು, ನೆನಪು ಎಲ್ಲ ಸರಿಯಿದೆ. ಕೈ ಸ್ವಲ್ಪ ಸ್ವಲ್ಪವೇ ಬರಬಹುದು, ಬರದೆಯೂ ಇರಬಹುದು ಎಂದರು.

ಇನ್ನು ಅವರು ಹೇಳಿದ್ದು:

"ಮೊದಲು ಬರಿ, ಅವಳ ಕಾಗದಕ್ಕೂ ನನ್ನ ಕೈಗೂ ಸಂಬಂಧ ಇಲ್ಲ. ಕಾಗದ ಬರೋಕ್ಕಿಂತ ಮುಂಚೇನೇ ಕೈ ಹೋಗಿತ್ತು." (ಇದು ನಿಜ ಅಕ್ಕಾ. ಕಾಗದ ಬಂದ ದಿನ ನಾನೇ ಒಡೆದು ಕೊಟ್ಟೆ, ಅವರಿಗೆ ಒಡೆಯಲಾಗಲಿಲ್ಲ.)

"ಕೋಪದಿಂದ ಹೊಲಿದಿದ್ದಲ್ಲ. ಎಡಗೈಯಲ್ಲಿ ಹೊಲಿದೆ. ಬಟ್ಟೇನ ಮಂಡಿ ಕೆಳಗೆ ಒತ್ತಿಟ್ಟುಕೊಂಡು ಹೊಲಿದೆ. ಮಗು ಫ್ರಾಕಿಗೆ ಕಾಯ್ತಿರುತ್ತೆ ಅಂತ. ಹಿಂಬದಿ ನೋಡ್ತಾಳೆ ಅಂತ ಗೊತ್ತಿತ್ತು. ನೋಡ್ಲಿ."

ಕಾಗದ ಯಾಕೆ ಬರೆಯಲಿಲ್ಲ ಎಂದು ನಾನು ಕೇಳಿದೆ. "ಬರೆದ್ರೆ ಕೈ ವಿಷಯ ಬರೀಬೇಕು. ಕೈ ವಿಷಯ ಗೊತ್ತಾದ್ರೆ ಅವಳು ಮದುವೆ ಗಿದುವೆ ಎಲ್ಲ ಬಿಟ್ಟು ಇಲ್ಲಿ ಬಂದು ನನ್ನ ತಲೆ ಬಾಚ್ತಾ ಕೂತ್ಕೊಳ್ತಾಳೆ. ಸಹಿ ಆಗ್ಲಿ, ಆಮೇಲೆ ಹೇಳೋಣ ಅಂತಿದ್ದೆ. ಅವನು ಯಾವ ಸೀಮೆ ಗಂಡಸೋ, ಕಾಗದ ಬರ್ಲಿ ಅಂತ ಕೂತಿದ್ದಾನೆ."

ನಿಮಗೆ ಈ ಮದುವೆ ಸಂತೋಷವಾ ಎಂದೂ ಕೇಳಿದೆ. "ಸಂತೋಷ ಅಂತ ಬರೀಬೇಡ. ಸಿಟ್ಟಿಲ್ಲ ಅಂತ ಬರಿ. ಆ ಕಾಗದ ಓದಿದ ದಿನ ಊಟ ಸೇರಲಿಲ್ಲ, ಅದನ್ನ ಬರೀಬೇಡ. ಮಾರನೇ ದಿನ ಸೇರ್ತು."

ಎರಡನ್ನೂ ಬರೆದಿದ್ದೇನೆ. ಈಗ ಓದಿ ಹೇಳು ಎನ್ನುತ್ತಿದ್ದಾರೆ. ಓದುವಾಗ ಬಿಟ್ಟು ಓದುತ್ತೇನೆ, ಹೇಗೂ ಕಿವಿ ಮಂದ.

"ಕೊನೇಲಿ ಬರಿ. ಇನ್ನು ಕಾಯ್ಬೇಡಿ. ಆ ಅಂಗಿ ಹಾಕ್ಕೊಳ್ಳೋಕೆ ಹೇಳು. ತಿಳಿದೇ ಹೇಳ್ತಿದ್ದೀನಿ."


ಜೂನ್ ೧೨

ಅತ್ತೆಗೆ,

ನಾನು ನಿಮ್ಮ ಮೇಲೆ ಬರೆದದ್ದನ್ನೆಲ್ಲ ಒಲೆಗೆ ಹಾಕಿ.

ಭಾನುವಾರ ಮೂವರೂ ಬರುತ್ತಿದ್ದೇವೆ. ಬರಬೇಡ ಎಂದು ಇಸ್ತ್ರಿಯಣ್ಣನ ಕೈಯಲ್ಲಿ ಬರೆಸಬೇಡಿ, ಅದು ತಲುಪುವುದರೊಳಗೆ ನಾವೇ ತಲುಪಿರುತ್ತೇವೆ.

ಸೊಸೆ


ಜುಲೈ ೨

ಅತ್ತೆಗೆ,

ನಿಮ್ಮಲ್ಲಿಂದ ಬಂದಮೇಲೆ ಒಂದೇ ಸಮನೆ ಕೆಲಸ, ಈಗ ಕೂತೆ.

ಸೋಮವಾರ ಸಹಿ ಹಾಕಿದೆವು. ನಾವು ಹೋದಾಗ ಅಧಿಕಾರಿ ಊಟಕ್ಕೆ ಹೋಗಿದ್ದರು. ಬೆಂಚಿನ ಮೇಲೆ ಕಾಯುತ್ತ ಕೂತಿದ್ದೆವು. ನಾನು ಇವರ ಭುಜಕ್ಕೆ ಒರಗಿ ನಿದ್ದೆ ಹೋದೆನಂತೆ. ಹೆಸರು ಕರೆದಾಗ ಗುಂಡಿ ಅಲುಗಾಡಿಸಿ ಎಬ್ಬಿಸಿದಳು. ತನ್ನ ಮದುವೆಗೆ ತಾನೇ ನಿದ್ದೆ ಹೊಡೆದವಳು ನಾನೊಬ್ಬಳೇ ಇರಬೇಕು. ನೀವು ಬರಲಿಲ್ಲ. ಬರಲಾರೆ ಎಂದು ಮೊದಲೇ ಹೇಳಿದ್ದಿರಿ, ಕೈಯ ನೆಪ ಹೇಳದೆ ನೇರವಾಗಿ ಹೇಳಿದಿರಿ. ಅದು ಒಳ್ಳೆಯದೇ ಆಯಿತು.

ಆ ಭಾನುವಾರ ನಿಮ್ಮಲ್ಲಿಗೆ ಬಂದಾಗ ನೀವು ಅವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, "ಗಾಡಿ ಎಷ್ಟು ಜೋರಾಗಿ ಓಡಿಸ್ತೀಯಪ್ಪ?" ಎಂದು ಕೇಳಿದಿರಿ. "ಒಳಗೆ ಯಾರಿದ್ದಾರೆ ಅನ್ನೋದರ ಮೇಲಮ್ಮ" ಎಂದರಲ್ಲ, ಆಗ ನೀವು ಕುರ್ಚಿ ತೋರಿಸಿದಿರಿ. ವಾಪಸ್ಸು ಬರುವಾಗ ಅವರು ಹೇಳಿದ್ದು ಇಷ್ಟೇ, "ಕೂತ್ಕೋ ಅಂದ್ರು."

ಬ್ಯಾಂಕಿನವಳ ಸ್ವೆಟರನ್ನು ನೀವು ಹೇಳುತ್ತ ಹೋದ ಹಾಗೆ ನಾನು ಹೊಲಿದೆ. "ಸಡಿಲ ಬಿಡು. ಎಳೀಬೇಡ. ಬಿಚ್ಚು." ಹತ್ತು ಸಲ ಬಿಚ್ಚಿಸಿದಿರಿ. ಮೊದಲಾದರೆ ಸಿಟ್ಟು ಬರುತ್ತಿತ್ತು. ಅವತ್ತು ನಿಮ್ಮ ಕೈ ಮಡಿಲಲ್ಲಿ ಯಾರದೋ ಬಟ್ಟೆಯ ಹಾಗೆ ಬಿದ್ದಿತ್ತು, ಬೆರಳುಗಳು ಮಾತ್ರ ನನ್ನ ಸೂಜಿ ಏಳುವಾಗೆಲ್ಲ ಒಂಚೂರು ಏಳುತ್ತಿದ್ದವು. ನಿಮಗೆ ಗೊತ್ತಾಯಿತೋ ಇಲ್ಲವೋ. ಡಾಕ್ಟರಿಗೆ ಹೇಳಿ.

ನಮ್ಮ ಜೊತೆ ಬಂದು ಇರಿ ಎಂದರೆ ಕಿಟಕಿ ತೋರಿಸಿ, "ಈ ಬೆಳಕು ನಿಮ್ಮಲ್ಲಿ ಎಲ್ಲಿದೆ" ಎಂದಿರಿ. ನಮ್ಮಲ್ಲಿ ಇಲ್ಲ, ನಿಜ. ಮತ್ತೆ ಕೇಳುತ್ತೇನೆ. ತಿಂಗಳಿಗೊಮ್ಮೆಯಾದರೂ ಕೇಳುತ್ತಿರುತ್ತೇನೆ.

ಸೊಸೆ


ಆಗಸ್ಟ್ ೨೯

ಗುಂಡಿಯ ಅಮ್ಮನಿಗೆ,

ಇದು ನನ್ನ ಎಡಗೈ. ನಿಧಾನವಾಗಿ ಓದು.

ಬಲಗೈಯಲ್ಲಿ ಈಗ ಲೋಟ ಹಿಡಿಯಬಲ್ಲೆ. ಸೂಜಿ ಇಲ್ಲ. ಸೂಜಿ ಇನ್ನು ಇಲ್ಲವೆಂದೇ ಕಾಣುತ್ತದೆ. ಮಧ್ಯಾಹ್ನ ಮೂವರು ಹೆಂಗಸರು ಬರುತ್ತಾರೆ, ನಾನು ಹೇಳುತ್ತೇನೆ, ಅವರು ಹೊಲಿಯುತ್ತಾರೆ. ಒಬ್ಬಳು ಬಾಯಿ ಬಡುಕಿ, ಒಬ್ಬಳು ಅಳುಬುರುಕಿ, ಮೂರನೆಯವಳಿಗೆ ಹೊಲಿಗೆಯ ಕೈಯಿದೆ. ಹೇಳಿ ಹೇಳಿ ಸಂಜೆಗೆ ಗಂಟಲು ಕಟ್ಟಿರುತ್ತದೆ. ಹೊಲಿಯುವಾಗ ಇಷ್ಟು ದಣಿವಾಗುತ್ತಿರಲಿಲ್ಲ.

ಮೊನ್ನೆ ಅವನು ಈ ಕಡೆ ಯಾರೋ ರೋಗಿಯನ್ನು ಮನೆಗೆ ಬಿಡಲು ಬಂದವನು ನನ್ನ ಮಾತ್ರೆ ಕೊಡಲು ಮೇಲೆ ಬಂದ. ನಿನಗೆ ಹೇಳಿದ್ದಾನೋ ಇಲ್ಲವೋ, ಮಾತು ಕಡಿಮೆ ಎಂದಿದ್ದೆಯಲ್ಲ. ಹೆಂಗಸರೆಲ್ಲ ಹೊಲಿಗೆ ಬಿಟ್ಟು ಕಣ್ಣುಬಿಟ್ಟರು. ಬಾಯಿ ಬಡುಕಿ ಕೇಳಿಯೇಬಿಟ್ಟಳು, "ಇವರು ಯಾರಮ್ಮ?"

ಸೊಸೆಯ ಗಂಡ ಎಂದರೆ ಮಗ. ಆ ಮಾತು ಬಾಯಿಗೆ ಬರಲಿಲ್ಲ. ಅದು ಬರುವುದೂ ಇಲ್ಲ, ನೀನು ಬೇಸರ ಮಾಡಿಕೊಳ್ಳಬೇಡ. ಯಾರೋ ಎನ್ನಲೂ ಆಗಲಿಲ್ಲ, ಎದುರಿಗೇ ಮಾತ್ರೆ ಹಿಡಿದು ನಿಂತಿದ್ದಾನೆ. ಬಾಯಿ ತಪ್ಪಿ, "ನಮ್ಮನೆಯವರು" ಎಂದುಬಿಟ್ಟೆ.

ಅಳುಬುರುಕಿಯೇ ಮೊದಲು ನಕ್ಕಳು. ನನ್ನ ಗಂಡ ತೀರಿಕೊಂಡು ಎಷ್ಟು ಕಾಲವಾಯಿತು, ಈಗ ಆಂಬುಲೆನ್ಸ್ ಓಡಿಸುವ ಹೊಸ ಯಜಮಾನರು ಬಂದರಾ ಎಂದು ಬಾಯಿ ಬಡುಕಿ ಶುರುಮಾಡಿದಳು. ಕೆಳಗೆ ಇಸ್ತ್ರಿಯವನಿಗೂ ಕೇಳಿಸಿ ಅವನು ಮೆಟ್ಟಿಲ ಮೇಲೆ ಬಂದು ನಿಂತು ನಕ್ಕ. ನಿನ್ನವನ ಕಿವಿ ಕೆಂಪಾಯಿತು, ನೆಲ ನೋಡುತ್ತಿದ್ದ. ನಾನೂ ನಕ್ಕೆ. ಮಗ ಹೋದಮೇಲೆ ಹಾಗೆ ನಕ್ಕಿರಲಿಲ್ಲ.

ನಗು ನಿಂತ ಮೇಲೆ ಕೈಯಿರುವವಳು, "ಹಾಗಲ್ಲ, ನಿಜವಾಗ್ಲೂ ಯಾರು?" ಎಂದಳು. ಅಷ್ಟರಲ್ಲಿ ನನಗೆ ದಾರಿ ಕಂಡಿತ್ತು.

"ಅಳಿಯ" ಎಂದೆ.

ಅವನು ತಲೆಯೆತ್ತಿ ನನ್ನನ್ನು ನೋಡಿದ. ಮಾತ್ರೆಯನ್ನು ಮೇಜಿನ ಮೇಲಿಟ್ಟು, "ಬರ್ತೀನಿ ಅತ್ತೆ" ಎಂದು ಇಳಿದು ಹೋದ.

ಹೆಂಗಸರು ಹೋದಮೇಲೆ ಬಾಗಿಲು ಹಾಕಿಕೊಂಡು ಕೂತೆ. ಅವನು ಅಳಿಯನಾದರೆ ನೀನು ನನಗೆ ಏನಾದೆ ಎಂದು ನೋಡಿದೆ. ಇಷ್ಟು ವರ್ಷ ಮಗನ ಹೆಂಡತಿ ಎಂದೇ ನಿನ್ನನ್ನು ಇಟ್ಟುಕೊಂಡಿದ್ದೆ. ಈಗ ನಿನ್ನನ್ನು ಒಂದು ಮಾತೂ ಕೇಳದೆ ಮಗಳನ್ನಾಗಿ ಮಾಡಿಬಿಟ್ಟೆ. ಒಪ್ಪಿಗೆಯೋ ಇಲ್ಲವೋ ಬರಿ.

ಕೈ ಸೋತಿತು.